ಮರುವಾಯಿಯ ಇಂಪ್ಯಾಕ್ಟ್ ಫ್ಯಾಕ್ಟರ್

ಆ ವರ್ಷಗಳಲ್ಲಿ ನಮ್ಮಲ್ಲಿ ಇಬ್ಬರು ಸಂಶೋಧಕರು ಎದುರಾದರೆ ಊಟ ಆಯ್ತಾ, ಮನೆಯಲ್ಲಿ ಸೌಖ್ಯವಾ ಎಂದು ಕೇಳುವ ಕ್ರಮವೇ ನಿಂತುಹೋಗಿತ್ತು. "ಎಷ್ಟು ಉಂಟು?" ಎಂದು ಕೇಳುತ್ತಿದ್ದೆವು. ಮಣಿಪಾಲದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಾಗೆ ಕೇಳಿದರೆ ಇನ್ನೊಬ್ಬ ಆಚೀಚೆ ನೋಡಿ, ಸ್ವರ ತಗ್ಗಿಸಿ, "ಸೊನ್ನೆ ಪಾಯಿಂಟ್ ಏಳು" ಎನ್ನುತ್ತಿದ್ದ. ಪಕ್ಕದಲ್ಲಿ ನಿಂತವರು ಪಾಪ, ಇವರಿಗೆ ಏನೋ ಕಾಯಿಲೆ ಎಂದುಕೊಂಡಿರಬೇಕು. ಕಾಯಿಲೆಯೇ ಆಗಿತ್ತು, ಬೇರೆ ಹೆಸರು ಯಾಕೆ? ಊರಲ್ಲಿ ಎಲ್ಲರಿಗಿಂತ ಜೋರಾಗಿ ಬಡಿದದ್ದು ನನಗೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ವಿಜ್ಞಾನಿ ಎನಿಸಿಕೊಂಡವ ತಾನು ಕಂಡುಕೊಂಡದ್ದನ್ನು ಪೇಪರ್ ಎಂದು ಬರೆದು ಒಂದು ಜರ್ನಲಿಗೆ ಕಳಿಸುತ್ತಾನೆ. ಅದು ಅಚ್ಚಾದ ಮೇಲೆ ಬೇರೆ ವಿಜ್ಞಾನಿಗಳು ತಮ್ಮ ಪೇಪರಿನಲ್ಲಿ ಇಂಥವರು ಹೀಗೆ ಹೇಳಿದ್ದಾರೆ ಎಂದು ಅದನ್ನು ಉಲ್ಲೇಖಿಸಬಹುದು, ಕಣ್ಣೆತ್ತಿ ನೋಡದೆಯೂ ಇರಬಹುದು. ಒಂದು ಜರ್ನಲಿನಲ್ಲಿ ಬಂದ ಪೇಪರುಗಳನ್ನು ಮುಂದಿನ ಎರಡು ವರ್ಷ ಲೋಕದವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂದು ಲೆಕ್ಕ ಹಾಕಿ ತೆಗೆದ ಅಂಕಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದು ಹೆಸರು. ಯಾವ ಜರ್ನಲ್ ತರಿಸಬೇಕು, ಯಾವುದನ್ನು ಬಿಡಬೇಕು ಎಂದು ಲೈಬ್ರರಿಯವರಿಗೆ ಉಪಯೋಗ ಬೀಳುವ ಲೆಕ್ಕ. ನಮ್ಮ ಕೈಗೆ ಸಿಕ್ಕಿದ ಮೇಲೆ ನಾವು ಅದರಿಂದ ಮನುಷ್ಯರನ್ನು ಅಳೆಯಲಿಕ್ಕೆ ಸುರು ಮಾಡಿದೆವು. ಜರ್ನಲಿನ ಸರಾಸರಿ ಅಂಕಿಯನ್ನು ತೆಗೆದು ಅದರಲ್ಲಿ ಬರೆದವನ ಹಣೆಗೆ ಅಂಟಿಸುವುದು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದವ ಸರ್ವಿಸ್ ಬಸ್ಸಿನಲ್ಲಿ ಬಂದವನಿಗಿಂತ ಬುದ್ಧಿವಂತ ಎಂದ ಹಾಗೆ.

ನಾನಿದ್ದದ್ದು ಮಣಿಪಾಲದ ಇಳಿಜಾರಿನಲ್ಲಿ, ಬಾಡಿಗೆ ಕಟ್ಟಡದ ಒಂದು ಚಿಕ್ಕ ಸಂಶೋಧನಾ ಕೇಂದ್ರದಲ್ಲಿ. ಅಂಥದೊಂದು ಉಂಟು ಎಂದು ಅಲ್ಲಿಯ ರಿಕ್ಷಾದವರಿಗೂ ಗೊತ್ತಿರಲಿಲ್ಲ. ಈಗ ಅದು ಇಲ್ಲ, ಆ ಜಾಗದಲ್ಲಿ ಜ್ಯೂಸ್ ಅಂಗಡಿ ಆಗಿದೆ, ಜನ ಮೊದಲಿಗಿಂತ ಹೆಚ್ಚು ಬರುತ್ತಾರೆ. ನೀರು, ಮೀನು, ಚಿಪ್ಪುಗಳಲ್ಲಿ ಇರುವ ರೋಗಾಣುಗಳನ್ನು ಹುಡುಕುವುದು ನಮ್ಮ ಕೆಲಸ. ಒಂದು ದಿನ ಮೀಟಿಂಗಿನಲ್ಲಿ ನಮ್ಮ ನಿರ್ದೇಶಕರು, ಇನ್ನು ಮುಂದೆ ನೇಮಕಾತಿ, ಬಡ್ತಿ ಎಲ್ಲವೂ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿಸಿ ಬಂದ ಮೊತ್ತದ ಮೇಲೆ ಎಂದು ಹೇಳಿದರು. ಎಲ್ಲರೂ ನೆಲ ನೋಡಿದರು. ಚಪ್ಪಾಳೆ ತಟ್ಟಿದವ ನಾನೊಬ್ಬ. ಶಿಫಾರಸು ಇಲ್ಲ, ಜಾತಿ ಇಲ್ಲ, ಮುಖ ನೋಡಿ ಮಣೆ ಹಾಕುವುದಿಲ್ಲ, ಬರೀ ಅಂಕಿ ಎಂದು ಎದ್ದು ನಿಂತು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ನನ್ನ ಸ್ವಂತ ಮೊತ್ತ ಸೊನ್ನೆ ಪಾಯಿಂಟ್ ನಾಲ್ಕು ಎಂಬುದು ಕುಳಿತ ಮೇಲೆ ನೆನಪಾಯಿತು.

ಆಮೇಲೆ ಹುಚ್ಚು ಏರುತ್ತಾ ಹೋಯಿತು. ಜರ್ನಲುಗಳ ಹೆಸರು ಮತ್ತು ಅಂಕಿ ಇರುವ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಮೇಜಿನ ಎದುರು ಗೋಡೆಗೆ ಅಂಟಿಸಿದೆ, ಬೇರೆಯವರು ದೇವರ ಕ್ಯಾಲೆಂಡರ್ ತೂಗುಹಾಕುವ ಜಾಗದಲ್ಲಿ. ಯಾವ ಪೇಪರ್ ಕೈಗೆ ಬಂದರೂ ಮೊದಲು ಪಟ್ಟಿ ನೋಡುವುದು, ಆಮೇಲೆ ಓದಬೇಕಾ ಬೇಡವಾ ಎಂದು ತೀರ್ಮಾನ. ಕ್ರಮೇಣ ಓದುವುದನ್ನೇ ಬಿಟ್ಟೆ, ಪಟ್ಟಿ ನೋಡಿದರೆ ಸಾಕಾಗುತ್ತಿತ್ತು. ಕಾರ್ಕಳದಲ್ಲಿ ಒಂದು ಮದುವೆಯ ಊಟದಲ್ಲಿ ನನ್ನ ಪಕ್ಕ ಕುಳಿತವರು ಒಬ್ಬ ನಿವೃತ್ತ ಪ್ರಾಧ್ಯಾಪಕರು. ಗದ್ದೆಯ ಏಡಿ ಬೇಸಿಗೆಯನ್ನು ಹೇಗೆ ಕಳೆಯುತ್ತದೆ ಎಂದು ಸಾರು ಬಡಿಸಿದಲ್ಲಿಂದ ಪಾಯಸದವರೆಗೆ ಹೇಳಿದರು. ಅಷ್ಟು ಚಂದ ಹೇಳಿದ ಮನುಷ್ಯನಿಗೆ ನಾನು ಕೇಳಿದ್ದು, "ಯಾವ ಜರ್ನಲಿನಲ್ಲಿ ಬಂದಿದೆ ಸರ್?" ಅವರು ಹೇಳಿದ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿಂದ ಮುಂದೆ ಅವರು ಹೇಳಿದ್ದು ಒಂದೂ ನನ್ನ ಕಿವಿಗೆ ಬೀಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ, "ಆ ಅಜ್ಜನನ್ನು ನೀವು ಹಾಳಾದ ಬಂಗುಡೆ ನೋಡಿದ ಹಾಗೆ ನೋಡ್ತಾ ಇದ್ರಿ" ಎಂದಳು.

ನನ್ನ ಕೈಕೆಳಗೆ ಆಗ ಒಬ್ಬಳು ಸಂಶೋಧನಾ ಸಹಾಯಕಿ ಇದ್ದಳು. ಅವಳ ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವರು. ಅವಳು ನಡೆಯಲಿಕ್ಕೆ ಕಲಿತದ್ದೇ ಮಣಿಪಾಲದ ಯಾವುದೋ ಹಾಸ್ಟೆಲಿಗೆ ತಂದು ಹಾಕಿದ ಜಲ್ಲಿ ರಾಶಿಯ ಬದಿಯಲ್ಲಿ. ಉಡುಪಿಯಲ್ಲಿ ಶಾಲೆ, ಕಾಲೇಜು, ಆಮೇಲೆ ಎಂ.ಎಸ್ಸಿ. ಅವಳ ಬಾಯಲ್ಲಿ ಎರಡು ಊರು ಒಟ್ಟಿಗೆ ಇದ್ದವು, "ಎಂತ ಸರ್" ಎಂದು ಸುರು ಮಾಡಿ "ಹೌದಿಲ್ರೀ" ಎಂದು ಮುಗಿಸುವವಳು. ಸಿಟ್ಟು ಬಂದರೆ ಮಾತ್ರ ಪೂರ್ತಿ ಬಾಗಲಕೋಟೆ. ಸಿಟ್ಟು ನನಗೆ ಬಂದಷ್ಟೇ ಬೇಗ ಬರುತ್ತಿತ್ತು, ಇಳಿಯುವುದರಲ್ಲಿ ನನಗಿಂತ ವಾಸಿ.

ಅವಳದ್ದು ತಾತ್ಕಾಲಿಕ ಕೆಲಸ, ಯೋಜನೆ ಮುಗಿದ ದಿನ ಅದೂ ಮುಗಿಯುವಂಥದು. ಕೇಂದ್ರದಲ್ಲಿ ಒಂದೇ ಒಂದು ಖಾಯಂ ಹುದ್ದೆ ತುಂಬಲಿಕ್ಕೆ ಇತ್ತು. ಅದು ಸಿಗದಿದ್ದರೆ ಅವರ ಮನೆಯೇ ಇಲ್ಲಿಂದ ಏಳುವುದೆಂದು ಆಗಿತ್ತು. ಅಪ್ಪನ ಸೊಂಟ ಕೈಕೊಟ್ಟಿತ್ತು, ಮೇಲೆ ಹತ್ತಿ ಗಾರೆ ಕೆಲಸ ಮಾಡುವ ಹಾಗಿರಲಿಲ್ಲ, ಮಗಳ ಸಂಬಳ ನಿಂತರೆ ಇಲ್ಲಿ ಇರುವುದಕ್ಕೆ ದಾರಿ ಇರಲಿಲ್ಲ. ಊರಿಗೆ ಹೋದರೆ ಅವಳಿಗೆ ಲ್ಯಾಬ್ ಎಲ್ಲಿಂದ ಬರಬೇಕು? ಒಂದು ದಿನ ಗಾಜಿನ ತಟ್ಟೆಗಳನ್ನು ತೊಳೆಯುತ್ತಾ ಅವಳೇ ಹೇಳಿದಳು, "ನಮ್ಮಪ್ಪ ಈ ಊರಾಗ ಎಷ್ಟೋ ಬಿಲ್ಡಿಂಗ್ ಕಟ್ಟ್ಯಾರ್ರಿ ಸರ್. ಕೆಲಸ ಮುಗಿದ ಮ್ಯಾಲ ಒಂದರೊಳಗೂ ಕಾಲಿಟ್ಟಿಲ್ಲ. ಎಲ್ಲ್ಯಾದರೂ ಒಂದರೊಳಗ ನನ್ನ ಕುರ್ಚಿ ಇರಬೇಕು ಅಂತ ನನಗ." ನನಗೆ ಎದೆ ತುಂಬಿ ಬಂತು. ತುಂಬಿದ ಎದೆಯಲ್ಲಿ ಹೇಳಿದ್ದು ಮಾತ್ರ, ಅಂಕಿ ಇರುವ ಜರ್ನಲಿನಲ್ಲಿ ಒಂದು ಪೇಪರ್ ಆದರೆ ಕುರ್ಚಿ ನಿನ್ನದೇ, ನಾನಿದ್ದೇನೆ ಎಂದು. ನಾನಿದ್ದೆ, ಅದೇ ಕಷ್ಟವಾದದ್ದು.

ನಮ್ಮ ಕೆಲಸ ಮರುವಾಯಿಯ ಮೇಲೆ. ಹೊಳೆ ಸಮುದ್ರ ಸೇರುವಲ್ಲಿ ಮರಳು, ಕೆಸರಿನ ಒಳಗೆ ಸಿಗುವ ಚಿಪ್ಪಿಗೆ ತುಳುವಿನಲ್ಲಿ ಹಾಗೆ ಹೆಸರು. ಒಳಗೆ ಬೆರಳ ತುದಿಯಷ್ಟು ಮಾಂಸ. ನಾನು ಉಚ್ಚಿಲದ ದೋಣಿಯವರ ಮನೆಯಲ್ಲಿ ಹುಟ್ಟಿದವ, ಹೆಂಡತಿ ಕಾಪುವಿನವಳು. ಅಕ್ಕಿಯ ಉಂಡೆಗಳ ಜೊತೆ ಮಸಾಲೆಯಲ್ಲಿ ಕುದಿಸಿದ ಮರುವಾಯಿ ಪುಂಡಿ ಆದಿತ್ಯವಾರ ಸಿಗದಿದ್ದರೆ ನಮಗೆ ಸೋಮವಾರ ಬೆಳಗಾಗುವುದಿಲ್ಲ. ಉದ್ಯಾವರದ ಹೊಳೆಯ ಮರುವಾಯಿ ತಿಂದು ಕೆಲವರಿಗೆ ಹೊಟ್ಟೆ ಕೆಡುತ್ತಿತ್ತು. ಯಾವಾಗ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ನೋಡುವುದು ನಮ್ಮ ಯೋಜನೆ. ಹೆಕ್ಕುವವರಿಂದ ಪ್ರತಿ ತಿಂಗಳು ಬುಟ್ಟಿ ತರಿಸುತ್ತಿದ್ದೆವು. ಮೊಟ್ಟೆಯನ್ನೂ ಮುಟ್ಟದ ಮನೆಯ ಆ ಹುಡುಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಂಸ ಬಿಡಿಸಿ, ಅರೆದು, ರೋಗಾಣು ಬೆಳೆಸಿ ಎಣಿಸುತ್ತಿದ್ದಳು. ನಾನು ಬುಟ್ಟಿ ನೋಡಿ ಇದು ಸುಕ್ಕ ಮಾಡಲಿಕ್ಕೆ ಒಳ್ಳೆಯದು, ಇದು ಪುಂಡಿಗೆ ಆಗ್ತದೆ ಎಂದು ವೈಜ್ಞಾನಿಕ ಅಭಿಪ್ರಾಯ ಕೊಡುತ್ತಿದ್ದೆ.

ಕೊನೆಗೆ ನಮಗೆ ಗೊತ್ತಾದದ್ದು ಇಷ್ಟು: ಮೊದಲ ಮಳೆ ಬಿದ್ದ ಮೇಲೆ ಸ್ವಲ್ಪ ಸಮಯ ಉದ್ಯಾವರ ಸೇತುವೆಯ ಕೆಳಗಿನ ಮರುವಾಯಿ ತಿನ್ನಬಾರದು, ತಿನ್ನಲೇಬೇಕೆಂದಿದ್ದರೆ ಚಿಪ್ಪು ಬಾಯಿ ಬಿಟ್ಟ ಮೇಲೂ ಚೆನ್ನಾಗಿ ಕುದಿಸಬೇಕು. ಅದನ್ನು ಬರೆದು ಅಂಕಿ ಇರುವ ಒಂದು ವಿದೇಶದ ಜರ್ನಲಿಗೆ ಕಳಿಸಿದೆವು. ಈ ಕೆಲಸ ಸ್ಥಳೀಯ ಆಸಕ್ತಿಯದ್ದು ಮಾತ್ರ ಎಂದು ವಾಪಸು ಬಂತು. ನನಗೆ ನೆತ್ತಿಗೇರಿತು. "ಹೊಳೆ ಎಂದ ಮೇಲೆ ಎಲ್ಲಿಯಾದರೂ ಒಂದು ಕಡೆ ಹರಿಯಲೇಬೇಕಲ್ಲ ಮಾರಾಯ, ಇವರ ಹೊಳೆ ಎಂತ ಆಕಾಶದಲ್ಲಿ ಹರಿಯುತ್ತದಾ" ಎಂದು ಲ್ಯಾಬಿನಲ್ಲಿ ಕೂಗಾಡಿದೆ. ಅವಳು ನಗು ತಡೆದುಕೊಂಡು, ನಮ್ಮ ರಾಜ್ಯದಲ್ಲೇ ಹೊರಡುವ ಜರ್ನಲಿಗೆ ಕಳಿಸುವ ಸರ್, ಇಲ್ಲಿಯ ಡಾಕ್ಟರುಗಳಾದರೂ ಓದುತ್ತಾರೆ ಎಂದಳು. ಅದಕ್ಕೆ ಅಂಕಿ ಎಷ್ಟು ಎಂದು ಕೇಳಿದೆ. ಇಲ್ಲ ಎಂದಳು. ಸೊನ್ನೆಗೆ ಕೊಡಲಿಕ್ಕಾ ನೀನು ಇಷ್ಟು ದಿನ ಮೂಗು ಕಟ್ಟಿಕೊಂಡದ್ದು ಎಂದು ಅವಳ ಬಾಯಿ ಮುಚ್ಚಿಸಿದೆ.

ಪೇಪರಿಗೆ ಸ್ನಾನ ಮಾಡಿಸಲಿಕ್ಕೆ ನಾನೇ ಕುಳಿತೆ. ಉದ್ಯಾವರ ಹೋಯಿತು, ಭಾರತದ ಪಶ್ಚಿಮ ಕರಾವಳಿಯ ಒಂದು ಉಷ್ಣವಲಯದ ಅಳಿವೆ ಎಂದಾಯಿತು. ಸೇತುವೆ ಹೋಯಿತು. ಕುದಿಸುವ ಮಾತು ಅಡುಗೆ ಪುಸ್ತಕದ ಹಾಗೆ ಕಾಣುತ್ತದೆ ಎಂದು ಅದನ್ನೂ ಹೊಡೆದುಹಾಕಿದೆ. ಮರುವಾಯಿ ಎಂಬ ಹೆಸರು ತೆಗೆದು ಉದ್ದದ ಒಂದು ಲ್ಯಾಟಿನ್ ಹೆಸರು ಹಾಕಿದೆ. ಇನ್ನು ಏನಾದರೂ ಹೊಸತು ಬೇಕಲ್ಲ? ಹುಡುಕುತ್ತಾ ಹೋದಾಗ ಕಣ್ಣಿಗೆ ಬಿತ್ತು. ಮಳೆ ಮುಗಿದು ಹೊಳೆಯಲ್ಲಿ ಉಪ್ಪು ಏರುವ ತಿಂಗಳಲ್ಲಿ ಚಿಪ್ಪಿನೊಳಗಿನ ರೋಗಾಣು ಒಮ್ಮೆಗೇ ಇಳಿದುಬಿಟ್ಟಿತ್ತು. ನಿಧಾನಕ್ಕೆ ಅಲ್ಲ, ಧಡಕ್ಕನೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಉಪ್ಪು ಏರಿದೊಡನೆ ಈ ಜೀವಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದು ಸಿದ್ಧಾಂತ ಮಾಡಿದೆ. ಜರ್ನಲಿನವರಿಗೂ ಅದು ಬಹಳ ಇಷ್ಟವಾಯಿತು. ಮೊದಲನೆಯದಕ್ಕಿಂತ ದೊಡ್ಡ ಜರ್ನಲ್, ಗೋಡೆಯ ಪಟ್ಟಿಯಲ್ಲಿ ಅದರ ಅಂಕಿ ಒಂದು ಪಾಯಿಂಟ್ ಎಂಟು. ಮೊದಲ ಹೆಸರು ನನ್ನದು, ಎರಡನೆಯದು ಅವಳದು.

ಆ ಆದಿತ್ಯವಾರ ಕಾಪುವಿನಲ್ಲಿ ಹೆಂಡತಿಯ ತವರಿಗೆ ಊಟಕ್ಕೆ ಹೋಗಿದ್ದೆವು. ಮಾವ ಬಹಳ ವರ್ಷ ದೋಣಿ ನಡೆಸಿ ಬಿಟ್ಟವರು. ಮೂತ್ರಪಿಂಡದ ತೊಂದರೆಯಿಂದಾಗಿ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲಿ, ಅಂಕಿ ಮಾತ್ರ ಇಂಗ್ಲಿಷಿನಲ್ಲಿ. ಮಾವನಿಗೂ ಕೇಳಲಿ ಎಂದು ನಾನು ಜಗಲಿಯಲ್ಲಿ ಕುಳಿತು ಒಳಗಿದ್ದ ಅತ್ತೆಗೆ ದೊಡ್ಡ ಸ್ವರದಲ್ಲಿ, "ಒಂದು ಪಾಯಿಂಟ್ ಎಂಟು ಬಂತು ಅತ್ತೆ" ಎಂದೆ.

ಮಾವ ಓದುತ್ತಿದ್ದ ದಿನಪತ್ರಿಕೆ ಮಡಚಿದರು. "ಎಷ್ಟು ಹೇಳಿದಿರಿ?"

"ಒಂದು ಪಾಯಿಂಟ್ ಎಂಟು."

"ಮೊದಲು ಎಷ್ಟಿತ್ತು?"

"ಸೊನ್ನೆ ಪಾಯಿಂಟ್ ನಾಲ್ಕು. ಒಮ್ಮೆಗೇ ಏರಿದ್ದು," ಎಂದೆ, ಬೀಗುತ್ತಾ.

ಮಾವನ ಮುಖ ಸಣ್ಣದಾಯಿತು. ಒಳಗೆ ತಿರುಗಿ, "ಇವರಿಗೆ ಮರುವಾಯಿ ಬಡಿಸಬೇಡ. ಉಪ್ಪು ಹಾಕದೆ ಬೇರೆ ಎಂತದಾದರೂ ಮಾಡು" ಎಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಅವರಿಗೆ ಸಾಧನೆಯ ಗಾತ್ರ ಅರ್ಥವಾಗಲಿಲ್ಲವೇನೋ ಎಂದು, "ಬರುವ ವರ್ಷ ಮೂರು ದಾಟಿಸಬೇಕು ಅಂತ ಉಂಟು ಮಾವ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಮೂರು ದಾಟಿದರೆ ಮತ್ತೆ ಮೆಷಿನಿಗೆ ಹಾಕ್ತಾರೆ. ಇಷ್ಟು ಸಣ್ಣ ಪ್ರಾಯಕ್ಕೆ. ಮಗಳಿಗೆ ಹೇಳಿದ್ದೀರಾ?" ಹೆಂಡತಿ ಒಳಗಿಂದ ಓಡಿ ಬಂದು, ಅದು ನಿಮ್ಮ ರಕ್ತ ಪರೀಕ್ಷೆಯ ಕ್ರಿಯಾಟಿನಿನ್ ಅಲ್ಲ ಅಪ್ಪ, ಇವರ ಪೇಪರಿನ ನಂಬರು ಎಂದು ಬಿಡಿಸಿ ಹೇಳಿ, ಬಾಗಿಲ ದಾರಂದಕ್ಕೆ ಒರಗಿ ನಕ್ಕದ್ದೇ ನಕ್ಕದ್ದು. ಮಾವ ನನ್ನ ಕೈ ಬಿಟ್ಟು, "ಹಾಗಾದರೆ ಅದು ಜಾಸ್ತಿ ಆದರೆ ಒಳ್ಳೆಯದಾ? ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು. ನಾನು ಒಳಗೆ ಹೋಗಿ ಮರುವಾಯಿ ತಿಂದೆ.

ಪೇಪರ್ ಬಂದ ಮೇಲೆ ನನಗೆ ಹೊಸ ಚಟ ಹತ್ತಿತು. ಮನೆಗೆ ಹೋಗುವ ದಾರಿಯಲ್ಲಿ ಬ್ರೌಸಿಂಗ್ ಸೆಂಟರಿಗೆ ನುಗ್ಗಿ, ನಮ್ಮನ್ನು ಯಾರಾದರೂ ಉಲ್ಲೇಖಿಸಿದರಾ ಎಂದು ನೋಡುವುದು. ಕಾಲೇಜು ಹುಡುಗರು ಚಾಟ್ ಮಾಡುವ ಕಂಪ್ಯೂಟರುಗಳ ಎಡೆಯಲ್ಲಿ ಈ ನರೆತ ತಲೆಯ ಮನುಷ್ಯ ದಿನಾ ಬಂದು ಪರದೆಗೆ ಮೂಗು ತಾಗಿಸಿ ಕುಳಿತುಕೊಳ್ಳುವುದನ್ನು ಕಂಡು ಸೆಂಟರಿನವನಿಗೆ ಏನೇನು ಸಂಶಯ ಬಂತೋ, ನನಗೆ ಬಾಗಿಲ ಹತ್ತಿರದ, ಎಲ್ಲರಿಗೂ ಕಾಣುವ ಕಂಪ್ಯೂಟರನ್ನೇ ಕೊಡುತ್ತಿದ್ದ. ಒಂದು ಸಂಜೆ ಬಂತು ನೋಡಿ, ಮೊದಲ ಉಲ್ಲೇಖ. ದೂರದ ಯಾವುದೋ ದೇಶದವರು. ಮರುದಿನ ಕೇಂದ್ರದವರಿಗೆಲ್ಲ ಕ್ಯಾಂಟೀನಿನಲ್ಲಿ ಗೋಳಿಬಜೆ ಹಂಚಿದೆ. ಆಮೇಲೆ ಇನ್ನೊಂದು ಬಂತು, ಅದರ ಬೆನ್ನಿಗೆ ಮತ್ತೊಂದು. ನಮ್ಮ ಕೇಂದ್ರದಲ್ಲಿ ಅಷ್ಟು ಉಲ್ಲೇಖ ಕಂಡ ಪೇಪರ್ ಬೇರೆ ಇರಲಿಲ್ಲ. ನಿರ್ದೇಶಕರು ಸಭೆ ಕರೆದು ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಮ್ಮ ಚಿಪ್ಪು ಲೋಕದ ಗಮನ ಸೆಳೆದಿದೆ ಎಂದರು. ಸೆಳೆದದ್ದು ಹೌದು.

ಏನೆಂದು ಸೆಳೆದಿದೆ ಎಂದು ನಾನು ನೋಡಿರಲಿಲ್ಲ. ಉಲ್ಲೇಖಿಸಿದ ಪೇಪರುಗಳನ್ನು ಪೂರ್ತಿ ತರಿಸಿ ಓದಿದವಳು ಅವಳು. ಶಾಲಿನ ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ, ಆ ವಾರವೇ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟಳು. ಅದರಲ್ಲಿ ಎರಡು ಚಿಪ್ಪು. ಒಂದು ದಪ್ಪಗೆ, ನುಣ್ಣಗೆ. ಇನ್ನೊಂದರ ಮೈತುಂಬ ಗೀರು.

"ಇವೇನ್ರಿ ಸರ್?"

"ಮರುವಾಯಿ."

"ಎರಡೂ?"

"ಎರಡೂ ಮರುವಾಯಿಯೇ. ಎಂತ ಆಯ್ತು ಈಗ?"

ಅವಳು ಪೇಪರುಗಳನ್ನು ಪಕ್ಕದಲ್ಲಿಟ್ಟಳು. ಮೂರರಲ್ಲೂ ಒಂದೇ ಮಾತು, ಸಭ್ಯ ಇಂಗ್ಲಿಷಿನಲ್ಲಿ: ಈ ಹೆಸರಿನ ಚಿಪ್ಪು ಮಳೆಗಾಲದ ಸಿಹಿ ನೀರಿನಲ್ಲಿ ಬದುಕುವುದೇ ಇಲ್ಲ, ಈ ಲೇಖಕರು ಎರಡು ಬೇರೆ ಬೇರೆ ಜಾತಿಯ ಚಿಪ್ಪುಗಳನ್ನು ಒಂದೇ ಎಂದು ತಿಳಿದಂತಿದೆ, ಚಿಪ್ಪು ತನ್ನನ್ನು ತೊಳೆದುಕೊಂಡದ್ದಲ್ಲ, ಬುಟ್ಟಿಯ ಒಳಗಿನ ಚಿಪ್ಪೇ ಬದಲಾದದ್ದು. ಒಂದು ಜಾತಿ ಕೆಸರಿನದ್ದು, ಮಳೆಗಾಲದಲ್ಲಿ ಸಿಕ್ಕಿದ್ದು. ಇನ್ನೊಂದು ಕಡಲ ಬಾಯಿಯ ಶುದ್ಧ ಮರಳಿನದ್ದು, ಉಪ್ಪು ಏರಿದ ಮೇಲೆ ಬಂದದ್ದು. ಹೆಕ್ಕುವವರು ಆಯಾ ತಿಂಗಳು ಸಿಕ್ಕಿದ್ದನ್ನು ಕೊಟ್ಟಿದ್ದರು. ನಾವು ಕೇಳಿದ್ದು ಮರುವಾಯಿ, ಅವರು ಕೊಟ್ಟದ್ದೂ ಮರುವಾಯಿ. ನಮ್ಮ ಮನೆಯಲ್ಲಿ ಎರಡೂ ಒಂದೇ ಪಾತ್ರೆಗೆ ಬೀಳುತ್ತವೆ, ಎರಡಕ್ಕೂ ಒಂದೇ ಮಸಾಲೆ. ಲ್ಯಾಟಿನ್ ಹೆಸರೂ ಅದೇ ಪಾತ್ರೆಯಿಂದ ಎದ್ದು ಬಂದಿತ್ತು.

"ನಿನಗೆ ಗೊತ್ತಾಗ್ಲಿಲ್ವಾ?" ಎಂದು ರೇಗಿದೆ. "ದಿನಾ ಬಿಡಿಸಿದವಳು ನೀನು. ನೀನು ತಿನ್ನದವಳು, ನಿನಗೆ ಎಲ್ಲ ಹೊಸತು, ಪುಸ್ತಕ ನೋಡಿ ಗುರುತು ಹಿಡಿದಿರ್ತಿ ಅಂತ ನಾನು ಬಿಟ್ಟದ್ದು."

"ನೀವು ಹುಟ್ಟಿದಾಗಿಂದ ತಿನ್ನೋರು, ನಿಮಗ ಗೊತ್ತಿರ್ತದ ಅಂತ ನಾ ಬಿಟ್ಟದ್ರೀ."

ನನಗೆ ನಾಚಿಕೆಯಾಯಿತು, ನಿಜಕ್ಕೂ ಆಯಿತು, ಆದರೆ ಅದರ ಕೆಳಗೆ ಒಂದು ಸಣ್ಣ ಸಮಾಧಾನವೂ ಇತ್ತು: ಎಣಿಸುವ ಯಂತ್ರಕ್ಕೆ ಹೊಗಳಿದ್ದು ಯಾವುದು, ಬೈದದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಮೂರು ಜನ ಬೈದರೆ ಮೂರು ಉಲ್ಲೇಖ. ಹುದ್ದೆಯ ಸಂದರ್ಶನ ಹತ್ತಿರ ಬಂದಿತ್ತು, ಒಂದು ಪಾಯಿಂಟ್ ಎಂಟು ಅವಳ ಮೊತ್ತದಲ್ಲಿ ಭದ್ರವಾಗಿ ಕುಳಿತಿತ್ತು. ಇನ್ನೊಬ್ಬ ಅಭ್ಯರ್ಥಿ ಕಾರ್ಕಳದವ. ಗದ್ದೆ ಕೆಲಸದವರಿಗೆ ಬರುವ ಇಲಿಜ್ವರದ ಮೇಲೆ ಅವನದ್ದೊಂದು ಪೇಪರ್, ನಮ್ಮ ರಾಜ್ಯದ ಜರ್ನಲಿನಲ್ಲಿ. ಕಾರ್ಕಳದ ಡಾಕ್ಟರುಗಳು ಅದರ ಜೆರಾಕ್ಸನ್ನು ಮೇಜಿನ ಗಾಜಿನ ಅಡಿ ಇಟ್ಟುಕೊಂಡಿದ್ದರಂತೆ. ಪಟ್ಟಿಯ ಪ್ರಕಾರ ಅವನ ಮೊತ್ತ ಸೊನ್ನೆ.

ಅವಳು ತಿದ್ದುಪಡಿ ಕಳಿಸುವ ಎಂದಳು. ನಾನು ಸಂದರ್ಶನ ಮುಗಿಯಲಿ ಎಂದೆ. "ತಿದ್ದುಪಡಿ ಅಂದ್ರೆ ಪೇಪರ್ ಹೋದ ಹಾಗೆ. ಪೇಪರ್ ಹೋದರೆ ನಿನ್ನ ಅಂಕಿ ಹೋಯಿತು. ನಿನ್ನ ಅಪ್ಪನ ವಿಷಯ ಯೋಚನೆ ಮಾಡು" ಎಂದೆ. ಅಪ್ಪನ ಹೆಸರು ಎತ್ತಬಾರದಿತ್ತು. ಅವಳು ಎದ್ದು ನಿಂತಳು. "ತಪ್ಪು ಅಂತ ಗೊತ್ತಾದ ಮ್ಯಾಲ ಅದರ ಮಾರ್ಕು ಹ್ಯಾಂಗ ತಗೊಳ್ಳೂದ್ರಿ? ಓರೆ ಕಟ್ಟಿದ ಗ್ವಾಡಿ ಅಂತ ಗೊತ್ತಿದ್ದೂ ನಮ್ಮಪ್ಪ ಅದಕ್ಕ ಸುಣ್ಣ ಹಚ್ಚಿಲ್ಲ. ಕೆಡವ್ಯಾರ."

ಅವಳು ಪ್ರತಿ ತಿಂಗಳ ಚಿಪ್ಪುಗಳನ್ನು ಬಿಸಾಡದೆ ಚೀಲಗಳಲ್ಲಿ ಕಟ್ಟಿಟ್ಟಿದ್ದಳು. ಅವನ್ನೆಲ್ಲ ಸುರಿದು ಎರಡು ರಾಶಿ ಮಾಡಿ, ಲೆಕ್ಕ ಬೇರೆ ಬೇರೆ ಮಾಡಿ ಹೊಸದಾಗಿ ಬರೆದಳು. ಉದ್ಯಾವರ ವಾಪಸು ಬಂತು, ಸೇತುವೆ ಬಂತು, ಕುದಿಸುವ ಮಾತೂ ಬಂತು. ಹಿಂದಿನ ಪೇಪರಿನಲ್ಲಿ ನಾವು ಹೇಳಿದ್ದು ತಪ್ಪು ಎಂದು ಮೊದಲ ಸಾಲಿನಲ್ಲೇ ಇತ್ತು. ಈ ಸಲ ಮೊದಲ ಹೆಸರು ಅವಳದು. ಅದೇ ಜರ್ನಲಿಗೆ ಕಳಿಸಲಿಕ್ಕೆ ನಾನು ಸಹಿ ಹಾಕಿ ಕೊಟ್ಟೆ, ಮನೆಗೆ ಹೋಗಿ ಹೆಂಡತಿಯ ಹತ್ತಿರ ಆ ಹುಡುಗಿಯ ಕೆಲಸ ಹೋಯಿತು ಎಂದೆ. ಸ್ಥಳೀಯ ಆಸಕ್ತಿ ಎಂದು ಯಾರೂ ಹೇಳಲಿಲ್ಲ, ತಮ್ಮ ಜರ್ನಲಿನ ಮರ್ಯಾದೆಯ ಪ್ರಶ್ನೆ ಅಲ್ವಾ, ಅವರು ಅದನ್ನು ಬೇಗನೆ ಅಚ್ಚು ಹಾಕಿದರು.

ಸಂದರ್ಶನದ ದಿನ ನಾನು ಕ್ಯಾಂಟೀನಿನಲ್ಲಿ ಕಾದು ಕುಳಿತಿದ್ದೆ. ಚಹಾ ಮೇಲೆ ಚಹಾ ಕುಡಿದು ಬಾಯಿ ಒಗರಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಬಂದು ಎದುರು ಕುಳಿತಳು.

"ಆಯ್ತು ಸರ್. ಸಿಕ್ತು."

ನನಗೆ ನಂಬಲಿಕ್ಕೆ ಆಗಲಿಲ್ಲ. "ಹೇಗೆ? ತಪ್ಪಾದ ಪೇಪರಿನ ವಿಷಯ ಕೇಳಲಿಲ್ವಾ?"

"ಅವರು ಕೇಳಲಿಲ್ಲ, ನಾನೇ ಹೇಳಿದೆ. ಮೊದಲನೇ ಪೇಪರ್ ತಪ್ಪು, ಅದರ ಅಂಕಿ ಕಳೀರಿ ಅಂತ ಹೇಳಿದೆ. ಕಳೆಯೋ ಕಾಲಂ ಇಲ್ಲಮ್ಮ, ಕೂಡಿಸೋದಷ್ಟೇ ಅಂದರು." ಅವಳು ನನ್ನ ಲೋಟ ಎಳೆದುಕೊಂಡು ತಣ್ಣಗಾದ ಚಹಾ ಒಂದು ಗುಟುಕು ಕುಡಿದಳು. "ತಪ್ಪು ಬಂದದ್ದು ಒಂದು ಪಾಯಿಂಟ್ ಎಂಟರ ಜರ್ನಲ್. ತಿದ್ದುಪಡಿ ಬಂದದ್ದೂ ಅದೇ ಜರ್ನಲ್. ಎರಡನ್ನೂ ಕೂಡಿಸಿ ಮೂರು ಪಾಯಿಂಟ್ ಆರು ಅಂತ ಬರೆದುಕೊಂಡರು ಸರ್."

ನಾನು ನಕ್ಕುಬಿಟ್ಟೆ. ನಗು ತಡೆಯಲಿಕ್ಕೇ ಆಗಲಿಲ್ಲ, ಮೇಜು ಬಡಿದು ನಕ್ಕೆ. ಮಾವನಿಗೆ ಹೇಳಬೇಕು, ಮೂರು ದಾಟಿತು ಎಂದೆ. ಅವಳು ನಗಲಿಲ್ಲ.

"ಕಾರ್ಕಳದವರು ಹೊರಗ ಕೂತಿದ್ರು. ಅವರ ಪೇಪರ್ ನಾ ಓದೀನಿ. ಒಂದು ಕಡೆನೂ ತಪ್ಪಿಲ್ಲ. ಮೊದಲನೇ ಸಲಕ್ಕೇ ಸರಿ ಬರದಾರ." ಲೋಟ ಕೆಳಗಿಟ್ಟು, "ಅದೇ ಅವರು ಮಾಡಿದ ತಪ್ಪು" ಎಂದಳು.

ನಾನು ಲೋಟ ವಾಪಸು ಎಳೆದುಕೊಂಡು, ಅಂಕಿಯ ಪರವಾಗಿ ಅಷ್ಟು ಭಾಷಣ ಮಾಡಿದ ಬಾಯಿಗೆ ಉಳಿದ ಚಹಾ ಸುರಿದೆ. ಅವಳು ಎದ್ದು ಕ್ಯಾಂಟೀನಿನ ಮೂಲೆಯಲ್ಲಿದ್ದ ಕಾಯಿನ್ ಫೋನಿಗೆ ಹೋದಳು. ಅವರ ಮನೆಯ ಪಕ್ಕದ ಅಂಗಡಿಗೆ ಫೋನ್ ಮಾಡಿದರೆ ಅಪ್ಪನನ್ನು ಕರೆದು ಕೊಡುತ್ತಿದ್ದರು. ಗೋಡೆಗೆ ಮುಖ ಮಾಡಿ ನಿಂತು ಬಹಳ ಹೊತ್ತು ಕಾದಳು. ಅಪ್ಪ ಬಂದಿರಬೇಕು, ಕೆಲಸ ಸಿಕ್ಕಿತು ಎಂದು ಹೇಳಿದಳು. ಆ ಕಡೆಯಿಂದ ಅವರು ಏನೋ ಕೇಳಿದರು.

"ಹ್ಯಾಂಗ ಸಿಕ್ತು ಅಂತ ಕೇಳಬ್ಯಾಡಪ್ಪ," ಎಂದಳು. "ಊರಿಗಂತ ಕಟ್ಟಿದ ಗಂಟು ಬಿಚ್ಚು."